ದಸ್ತಗೀರನಿಗೆ ಬಿದ್ದ ಪೆಟ್ಟು

ಕೊನೆಯನ್ನು ನೋಡುವವರ ತಲೆಗೇ ಕಟ್ಟಿಬಿಡುವ ಸಿನಿಮಾಗಳೆಂದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿ. ಎರಡೂವರೆ ಗಂಟೆ ಹೊಡೆದಾಟ ಬಡಿದಾಟ ಎಲ್ಲ ತೋರಿಸಿ, ಕಡೆಗೆ ‘ಇದು ನಿಜವಾಗಿ ನಡೆಯಿತೋ, ಇಲ್ಲ ಕಥೆ ಹೇಳುವವನ ತಲೆಯೊಳಗಿನದೋ, ನೀವೇ ಯೋಚಿಸಿ’ ಅಂದರೆ ಏನರ್ಥ? ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮೇಡಂ ಇಂಥ ಸಿನಿಮಾಗಳನ್ನು ಬಾಯ್ತುಂಬ ಹೊಗಳುತ್ತಿದ್ದರು. “ಅಲ್ಲಮ್ಮ, ಒಬ್ಬರಿಗೆ ಹೊಡೆದೆನೋ ಇಲ್ಲವೋ ಅನ್ನೋದು ಹೊಡೆದವನಿಗೇ ಗೊತ್ತಿರೋದಿಲ್ಲವೇ? ಎಂಥ ಬುರುಡೆ!” ಎಂದು ನಾನು ಸ್ಟಾಫ್ ರೂಮಿನಲ್ಲಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅಷ್ಟು ಜೋರಾಗಿ ಹೇಳಲು ಕಾರಣವಿತ್ತು. ನಾನು ಒಬ್ಬನಿಗೆ ಹೊಡೆದಿದ್ದೆ, ಮತ್ತು ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರ ಕೆಲಸ ಸಿಗುವ ಮುಂಚೆ ಎರಡು ವರ್ಷ ನಾನು ಮಧುಗಿರಿಯ ಒಂದು ಟಾಕೀಸಿನಲ್ಲಿ ಗೇಟ್ ಕಾಯುತ್ತಿದ್ದೆ. ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿ ಆಪರೇಟರ್ ಆಗಿದ್ದವನು ಶಿರಾದ ದಸ್ತಗೀರ್. ನನ್ನ ಪ್ರಾಣದ ಗೆಳೆಯ. ಒಂದೇ ತಟ್ಟೆಯಲ್ಲಿ ತಿಂದವರು, ಒಂದೇ ಬಾಡಿಗೆ ರೂಮಿನಲ್ಲಿ ಮಲಗಿದವರು ನಾವು. ಮಾಲೀಕರು ಇಬ್ಬರಿಗೂ ಒಂದೇ ಖಾಕಿ ಬಟ್ಟೆಯಲ್ಲಿ, ಒಂದೇ ಅಳತೆಗೆ ಅಂಗಿ ಹೊಲಿಸಿಕೊಟ್ಟಿದ್ದರು. ಬೆಳಿಗ್ಗೆ ಎದ್ದಾಗ ಯಾರ ಕೈಗೆ ಯಾವುದು ಸಿಕ್ಕಿತೋ ಅವನಿಗೆ ಅದು.

ಮ್ಯಾಟಿನಿಗೆ ಬರುವವರಲ್ಲಿ ಅರ್ಧಕ್ಕರ್ಧ ಐ.ಡಿ.ಹಳ್ಳಿ ಕಡೆಯವರು. ಅವರ ಕಡೆಯ ಬಸ್ಸು ಐದೂವರೆಗೆ. ಸಿನಿಮಾ ಉದ್ದವಾಗಿದ್ದರೆ ದಸ್ತಗೀರ್ ಕೊನೆಯ ರೀಲು ಹಾಕುತ್ತಲೇ ಇರಲಿಲ್ಲ. ‘ಶುಭಂ’ ಎಂದು ತಾನೇ ಬರೆದಿಟ್ಟುಕೊಂಡಿದ್ದ ಗಾಜಿನ ಸ್ಲೈಡೊಂದನ್ನು ಪರದೆಯ ಮೇಲೆ ಬಿಟ್ಟು ಲೈಟು ಹಾಕಿಸಿಬಿಡುತ್ತಿದ್ದ. ಜನ ಬೈದುಕೊಂಡೇ ಬಸ್ಸಿಗೆ ಓಡುತ್ತಿದ್ದರು. ಕೊನೆಗೆ ಏನಾಯಿತೆಂದು ದಾರಿಯುದ್ದಕ್ಕೂ ಜಗಳವಾಡಿ, ಊರು ಬರುವುದರೊಳಗೆ ತಾವೇ ತೀರ್ಮಾನ ಮಾಡಿಕೊಳ್ಳುತ್ತಿದ್ದರಂತೆ.

ಒಂದು ವಾರ ಬಂದ ಸಿನಿಮಾದಲ್ಲಿ ನಾಯಕ ಸಿಟ್ಟಿನಲ್ಲಿ ತನ್ನ ಗೆಳೆಯನ ತಲೆಗೇ ಹಾರೆ ಬೀಸುತ್ತಾನೆ. ಕೊನೆಯ ರೀಲಿನಲ್ಲಿ ಅವನಿಗೆ ಎಚ್ಚರವಾಗುತ್ತದೆ, ಗೆಳೆಯ ಎದುರಿಗೇ ನಿಂತು ನಗುತ್ತಿರುತ್ತಾನೆ. ನಮ್ಮ ಮ್ಯಾಟಿನಿಯಲ್ಲಿ ಮಾತ್ರ ಹಾರೆ ಬಿದ್ದ ತಕ್ಷಣ ಶುಭಂ! ಐ.ಡಿ.ಹಳ್ಳಿಯ ಅಜ್ಜಿಯೊಂದು ಗೇಟಿನಲ್ಲಿ ನನ್ನ ತೋಳು ಹಿಡಿದುಕೊಂಡು, “ಆ ಮಗ ಸತ್ನೇನಪ್ಪಾ? ದಿಟವಾಗ್ಲೂ ಹೊಡ್ದೇಬುಟ್ನಾ?” ಎಂದು ಕಣ್ಣೀರು ಹಾಕಿತು. ಅದೆಲ್ಲ ಕನಸು ಕಣಜ್ಜಿ ಅಂದರೆ ನಂಬಲೇ ಇಲ್ಲ. ಗುರುವಾರ, ಆ ಸಿನಿಮಾದ ಕಡೆಯ ದಿನ, ಪಾಪ ಮತ್ತೆ ಬಂತು. ಇವತ್ತು ಪೂರ್ತಿ ತೋರಿಸುತ್ತೇವೆ ಎಂದು ಮಾತು ಕೊಟ್ಟು ಒಳಗೆ ಕೂರಿಸಿದೆ.

ಐದೂ ಕಾಲಿಗೆ ಮೆಟ್ಟಿಲು ಹತ್ತಿ ಹೋದರೆ ದಸ್ತಗೀರ್ ಆಗಲೇ ಸ್ಲೈಡು ಹಿಡಿದು ನಿಂತಿದ್ದ.

“ಲೇ, ಇವತ್ತೊಂದಿನ ಕೊನೆ ರೀಲು ಹಾಕ್ಲಾ. ಅಜ್ಜಿಗೆ ಮಾತು ಕೊಟ್ಬುಟ್ಟಿವ್ನಿ” ಎಂದೆ.

“ಬಸ್ಸು ಹೋದ್ರೆ ನಿಮ್ಮಪ್ಪ ಬಂದು ಬುಟ್ಬತ್ತಾನಾ? ನಿನ್ನ ಅಜ್ಜಿ ಬಸ್ ಸ್ಟ್ಯಾಂಡಲ್ಲಿ ಮಲಗ್ಬೇಕಾಯ್ತದೆ ಕಣ್ಲಾ!”

ಈಗ ಯೋಚಿಸಿದರೆ ಅವನು ಹೇಳಿದ್ದೇ ಸರಿ. ಆಗ ನನಗೆ ಹಾಳು ಸಿಟ್ಟು. ಮಾತಿಗೆ ಮಾತು ಬೆಳೆಯಿತು. ರೀಲು ಸುತ್ತುವ ಯಂತ್ರದ ಕಬ್ಬಿಣದ ಹಿಡಿ ಕೈಗೆ ಸಿಕ್ಕಿತು, ಬೀಸಿಬಿಟ್ಟೆ. ಅವನ ಕಿವಿಯ ಮೇಲುಗಡೆ ಬಿತ್ತು. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಸಿದ. ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು. ನಾನು ಮೆಟ್ಟಿಲಿಳಿದು ಓಡಿ, ಸಿಕ್ಕಿದ ಬಸ್ಸು ಹತ್ತಿ ಕೊಳಾಲದಲ್ಲಿದ್ದ ಅಕ್ಕನ ಮನೆ ಸೇರಿಕೊಂಡೆ. ಮತ್ತೆ ಆ ಟಾಕೀಸಿನ ಕಡೆ ತಲೆ ಹಾಕಲಿಲ್ಲ.

ಆಮೇಲೆ ಪಾವಗಡದ ಕಡೆ ಕೆಲಸ ಸಿಕ್ಕಿತು. ಮದುವೆ, ಮಕ್ಕಳು ಅಂತ ಮೂವತ್ತು ವರ್ಷ ಕಳೆದುಹೋಯಿತು. ಅವನು ಬದುಕಿದ್ದಾನೆ, ಶಿರಾದಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದಾನೆ ಎಂದು ಯಾರೋ ಹೇಳಿದ್ದರು. ಆದರೆ ಎದುರು ಹೋಗಿ ನಿಲ್ಲುವುದಕ್ಕೆ ಮುಖ ಬೇಕಲ್ಲ? ಪಾಠ ಮಾಡುವಾಗ ಯಾವ ಹುಡುಗನಿಗೂ ನಾನು ಕೈ ಎತ್ತಿದವನಲ್ಲ. ಎಲ್ಲರೂ ಸಾಧು ಮೇಷ್ಟ್ರು ಅನ್ನುತ್ತಿದ್ದರು. ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು. ಕಡೆಗೆ ಹೋದ ವರ್ಷ, ನಿವೃತ್ತಿ ಹತ್ತಿರ ಬಂದಾಗ, ಅವನಿಂದ ಕ್ಷಮಿಸಿದೆ ಅನ್ನುವ ಒಂದು ಮಾತು ಕೇಳದೆ ಸತ್ತರೆ ನನ್ನ ಜೀವಕ್ಕೆ ನೆಮ್ಮದಿಯಿಲ್ಲ ಅನ್ನಿಸಿ, ಒಂದು ಭಾನುವಾರ ಧೈರ್ಯ ಮಾಡಿ ಶಿರಾ ಬಸ್ಸು ಹತ್ತಿದೆ.

ಅಂಗಡಿಯ ಮೆಟ್ಟಿಲಲ್ಲಿ ನನ್ನನ್ನು ಕಂಡವನೇ ದಸ್ತಗೀರ್ ಎದ್ದು ನಿಂತ. ನಾನು ಬಾಯಿ ತೆರೆಯುವ ಮುಂಚೆಯೇ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಬಂದ್ಬುಟ್ಯಾ? ಮಾಫ್ ಮಾಡ್ಬುಡೋ ನನ್ನ. ಆವತ್ತು ಯಾವ ಶೈತಾನ್ ಮೈಮೇಲೆ ಬಂದಿತ್ತೋ, ನಿನ್ನ ತಲೆಗೆ ಹೊಡ್ದ್ಬುಟ್ಟೆ!”

ತಮಾಷೆ ಅಂದುಕೊಂಡೆ. ಅವನು ಹಿಡಿದ ಕೈ ಬಿಡಲೇ ಇಲ್ಲ. ಅದೇ ಗುರುವಾರ, ಅದೇ ಅಜ್ಜಿ, ಅದೇ ಕಬ್ಬಿಣದ ಹಿಡಿ. ಆದರೆ ಅವನ ಲೆಕ್ಕದಲ್ಲಿ ಬೀಸಿದವನು ಅವನು, ತಲೆ ಹಿಡಿದುಕೊಂಡು ಕುಸಿದವನು ನಾನು. ರಕ್ತ ಹತ್ತಿದ ನನ್ನ ಅಂಗಿ ಬಿಚ್ಚಿಟ್ಟು, ನೀರು ತರಲು ಕೆಳಗೆ ಓಡಿ, ತಿರುಗಿ ಬರುವಷ್ಟರಲ್ಲಿ ನಾನು ಇರಲಿಲ್ಲವಂತೆ. ಮಧುಗಿರಿಯಿಂದ ಕೊರಟಗೆರೆಯವರೆಗೆ ಒಂದು ಆಸ್ಪತ್ರೆ ಬಿಡದೆ ಮೂರು ದಿನ ಹುಡುಕಿದನಂತೆ.

“ನಿದ್ದೇಲಿ ಈಗ್ಲೂ ನಿಮ್ಮೆಸರು ಕೂಗ್ತಾರೆ ಅಣ್ಣಾ” ಎಂದಳು ಒಳಗಿಂದ ಬಂದ ಅವನ ಹೆಂಡತಿ ಜಮೀಲಾ.

ನಾನೇ ಹೊಡೆದದ್ದು ಅಂತ ನಾನು, ತಾನೇ ಹೊಡೆದದ್ದು ಅಂತ ಅವನು. ದನಿ ಏರಿ ಏರಿ ಪಕ್ಕದ ಸೈಕಲ್ ಶಾಪಿನವರು ಜಗಳ ಬಿಡಿಸಲು ಬಂದರು. ಜಮೀಲಾ ಇಬ್ಬರಿಗೂ ಗದರಿ, ಸ್ಟೂಲಿನ ಮೇಲೆ ಕೂರಿಸಿ, ಕನ್ನಡಕ ಹಾಕಿಕೊಂಡು, ಹೇನು ನೋಡುವ ಹಾಗೆ ಇಬ್ಬರ ತಲೆಯನ್ನೂ ನೋಡಿದಳು. ಯಾರ ತಲೆಯಲ್ಲೂ ಸಣ್ಣ ಕಲೆಯೂ ಇಲ್ಲ. “ಇಬ್ರಿಗೂ ಕೂದ್ಲೇ ಇಲ್ಲ, ಗಾಯ ಇದ್ದಿದ್ರೆ ಬಚ್ಚಿಟ್ಕಳಕ್ಕೆ ಆಯ್ತಿತ್ತಾ?” ಎಂದು ನಕ್ಕಳು. ನಾವೂ ನಕ್ಕೆವು. ಅಷ್ಟರಲ್ಲಿ ಅವಳಿಗೇನೋ ನೆನಪಾಗಿ ನಗು ನಿಂತಿತು.

“ಮದ್ವೆಯಾಗಿ ಬಂದಾಗ ಇವರ ಟ್ರಂಕಲ್ಲಿ ಒಂದು ಖಾಕಿ ಅಂಗಿ ಇತ್ತು. ಕಾಲರಿಂದ ಭುಜದ ತಂಕ ಕಂದು ಕಲೆ. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ, ಒರಸೋ ಬಟ್ಟೆ ಮಾಡ್ಕಂಡೆ. ಅದು ರಕ್ತಾನೇ ಕಣ್ರೀ.”

ಆ ಅಂಗಿ ನನ್ನದೋ ಅವನದೋ ಯಾರು ಹೇಳಬೇಕು? ಆ ಸಿನಿಮಾವನ್ನು ವಾರವೆಲ್ಲ ನೋಡಿ ನೋಡಿ ಇಬ್ಬರ ತಲೆಯೂ ಕೆಟ್ಟಿತ್ತು ಅನ್ನೋಣವೆಂದರೆ, ಸಿನಿಮಾದ ರಕ್ತ ಅಂಗಿಗೆ ಹತ್ತುವುದಿಲ್ಲ. ಯಾರೋ ಒಬ್ಬರಿಗೆ ಪೆಟ್ಟು ಬಿದ್ದದ್ದು ನಿಜ ಅನ್ನೋಣವೆಂದರೆ, ಬಿದ್ದವನು ಯಾರು? ಓದುಗರೇ, ಎಷ್ಟು ತಲೆ ಕೆರೆದುಕೊಂಡರೂ ನನಗೆ ಇವತ್ತಿಗೂ ತಿಳಿದಿಲ್ಲ.

ಅಂಗಡಿಯ ಬಾಗಿಲಲ್ಲಿ ಅವನು ಮತ್ತೆ ನನ್ನ ಕೈ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದ. ನೋಡಲಾಗಲಿಲ್ಲ. “ಆಯ್ತು ಕಣೋ, ಮಾಫ್ ಮಾಡಿವ್ನಿ, ಬುಡು” ಎಂದೆ. ಅವನ ಮುಖ ನೋಡಬೇಕಿತ್ತು ನೀವು. ಮೂವತ್ತು ವರ್ಷದ ಹಿಂದಿನ ಹುಡುಗನ ಮುಖ ತಿರುಗಿ ಬಂದಿತು. ಆಗ ನಾನೂ ನಾಚಿಕೆ ಬಿಟ್ಟು, ನೀನೂ ನನ್ನನ್ನು ಕ್ಷಮಿಸಿದೆ ಅನ್ನಪ್ಪ ಎಂದು ಕೇಳಿದೆ. ಅವನು ಕಣ್ಣೊರೆಸಿಕೊಳ್ಳುತ್ತ ನನ್ನ ಬೆನ್ನು ಸವರಿದ.

“ನೀನೇನ್ ಮಾಡಿದ್ದೀಯೋ, ಹುಚ್ಚಪ್ಪಾ? ಮಾಡ್ದೇ ಇರೋದಕ್ಕೆ ಏನಂತ ಮಾಫ್ ಮಾಡ್ಲಿ?”

ಈಗ ತಿಂಗಳಿಗೆ ಎರಡು ಭಾನುವಾರ ನಾನು ಶಿರಾದಲ್ಲೇ. ದಸ್ತಗೀರ್ ಮೈ ತುಂಬಿಕೊಂಡಿದ್ದಾನೆ. ಈಗ ನಿದ್ದೆಯಲ್ಲಿ ಕೂಗುವುದಿಲ್ಲವಂತೆ. ಜಮೀಲಾ ಹೇಳಿದಾಗ ಖುಷಿಯಾಯಿತು. ಬಸ್ಸು ಹತ್ತುವ ಮುಂಚೆ ಪ್ರತಿ ಸಲವೂ ಆ ಒಂದು ಮಾತು ಅವನನ್ನು ಕೇಳುತ್ತೇನೆ. ಪ್ರತಿ ಸಲವೂ ಅವನು ನಗುತ್ತಾನೆ. ಇನ್ನೂ ಹೇಳಿಲ್ಲ.