ಸೊಸೆ ಬರೆಯುವ ಕಳ್ಳ ಮೇಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಒಬ್ಬರು ಸುಳ್ಳು ಹೆಣೆಯುತ್ತಿದ್ದಾರೆ. ‘ಸಿಸ್ಟರ್, ಮಗು ರಾತ್ರಿಯಿಂದ ಹಾಲು ಕುಡೀತಿಲ್ಲ, ಮೈಯೆಲ್ಲ ಕೆಂಪಗಾಗಿದೆ, ಫೋಟೋ ಕಳಿಸಿದ್ದೀನಿ, ಬೇಗ ನೋಡಿ’ ಎಂದು ಬರೆಯುತ್ತಾರೆ. ಓದಿ ನೋಡಿ, ‘ಬೇಗ’ ಎಂಬುದರ ಹಿಂದೆ ‘ದಯವಿಟ್ಟು’ ಸೇರಿಸುತ್ತಾರೆ. ಕೆಳಗೊಂದು ಫೈಲ್ ಅಂಟಿಸುತ್ತಾರೆ. ಕಳಿಸುವ ವಿಳಾಸ ನಿನ್ನೆಯಷ್ಟೇ ಹುಟ್ಟಿದ್ದು. ಈ ಮೇಲ್ ಹೋಗಬೇಕಾದದ್ದು ಗೋಡೆಯಾಚೆಯ ಕೋಣೆಗೆ, ಅಲ್ಲಿ ಆಗಲೇ ಎದ್ದು ಕಂಪ್ಯೂಟರ್ ಮುಂದೆ ಕೂತಿರುವ ಅತ್ತೆಗೆ.

“ಇಷ್ಟು ಚೆನ್ನಾಗಿ ಸುಳ್ಳು ಹೇಳ್ತೀನಿ ಅಂತ ನಮ್ಮಮ್ಮಂಗೆ ಗೊತ್ತಾದ್ರೆ ಈ ವಯಸ್ಸಲ್ಲೂ ಕಿವಿ ಹಿಂಡ್ತಾರೆ” ಎನ್ನುತ್ತಾ ಕಳಿಸುವ ಗುಂಡಿ ಒತ್ತುತ್ತಾರೆ.

ಮನೆಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ಇವರ ಕಸುಬು. ಸುತ್ತಲಿನ ಬೀದಿಗಳಲ್ಲಿ ‘ಗಾಳದಕ್ಕ’ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಮೊದಲು ಕಂಪ್ಯೂಟರ್ ಅಂಗಡಿಯೊಂದರ ಹಿಂಭಾಗದಲ್ಲಿ ಕೂತು ಕೆಟ್ಟ ಯಂತ್ರ ಬಿಚ್ಚುತ್ತಿದ್ದರು. ಅಂಗಡಿ ಮುಚ್ಚಿತು. ಚೀಲ ಹೆಗಲಿಗೇರಿಸಿಕೊಂಡು ಮನೆಮನೆ ಮೆಟ್ಟಿಲು ಹತ್ತತೊಡಗಿದರು. ಶುರುವಿನಲ್ಲಿ ಬಾಗಿಲು ತೆರೆದವರು ಇವರ ಬೆನ್ನ ಹಿಂದೆ ಇಣುಕಿ, “ಗಂಡಸರು ಯಾರೂ ಬರಲಿಲ್ವಾ?” ಎಂದು ಕೇಳುತ್ತಿದ್ದರಂತೆ. “ನಾನು ಕೆಡಿಸಿದ ಮೇಲೆ ಅವರನ್ನ ಕರೀರಿ” ಎಂದು ಹೇಳಿ ಒಳಗೆ ಹೋಗುತ್ತಿದ್ದರಂತೆ. ಆ ಮನೆಗಳವರು ಬೇರೆ ಯಾರನ್ನೂ ಕರೆದಿಲ್ಲ.

ಗಾಳದ ಕಥೆ ಹೀಗಿದೆ. ಸುಮಾರು ಮೂವತ್ತು ಮನೆಗಳವರ ಒಪ್ಪಿಗೆ ಪಡೆದು, ವಾರಕ್ಕೊಮ್ಮೆ ಬೆಳಗಿನ ಹೊತ್ತು ಇವರೇ ಒಂದೊಂದು ಕಳ್ಳ ಮೇಲ್ ಕಳಿಸುತ್ತಾರೆ. ದರ್ಜಿಗೆ ಬಟ್ಟೆಯ ಪಾರ್ಸೆಲ್ ಬಂದಿದೆ ಎಂದು, ನಿವೃತ್ತ ಬಸ್ ಚಾಲಕರಿಗೆ ಪಿಂಚಣಿ ತಡೆಹಿಡಿಯಲಾಗಿದೆ ಎಂದು. ಗಾಬರಿಬಿದ್ದು ಫೈಲ್ ತೆರೆದರೆ ಪರದೆ ತುಂಬ ದಪ್ಪಕ್ಷರ: ‘ಸಿಕ್ಕಿಬಿದ್ರಿ. ನಾನೇ. ಫೋನ್ ಮಾಡಿ.’ ಫೋನ್ ಮಾಡಿದರೆ ಯಾವುದನ್ನು ನೋಡಿ ಅನುಮಾನಪಡಬೇಕಿತ್ತು ಎಂದು ಬಿಡಿಸಿ ಹೇಳುತ್ತಾರೆ. ಬಸ್ ಚಾಲಕರು ಮೂರು ಸಲ ಸಿಕ್ಕಿಬಿದ್ದು, ಮುಖ ಊದಿಸಿಕೊಂಡು, ಈಗ ಪಿಂಚಣಿ ಕಚೇರಿಯ ನಿಜವಾದ ಮೇಲನ್ನೂ ಇವರಿಗೆ ತೋರಿಸಿಯೇ ತೆರೆಯುತ್ತಾರೆ.

ಈ ಲೇಖನಕ್ಕಾಗಿ ಸಂಪರ್ಕಿಸಿದಾಗ, “ನಿಮಗೂ ಒಂದು ಹಾಕ್ಲಾ?” ಎಂದು ಕೇಳಿದರು. ನಮಗೇನು ಗೊತ್ತಾಗುವುದಿಲ್ಲವೇ ಎಂಬ ಜಂಬದಲ್ಲಿ ಹಾಕಿ ಎಂದೆ. ನಾಲ್ಕು ದಿನ ಬಿಟ್ಟು ಯಾರೋ ಓದುಗರಿಂದ ಮೇಲ್ ಬಂತು: ‘ಕಳೆದ ವಾರದ ನಿಮ್ಮ ಲೇಖನದಲ್ಲಿ ದೊಡ್ಡ ತಪ್ಪಿದೆ, ಗುರುತು ಹಾಕಿ ಕಳಿಸಿದ್ದೇನೆ.’ ತೆರೆಯದೆ ಇರುವುದುಂಟೆ? ಮುಂದಿನದನ್ನು ಬರೆಯುವ ಅಗತ್ಯವಿಲ್ಲ.

ನಗುನಗುತ್ತಲೇ ಹಾಕುವ ಈ ಗಾಳದ ಹಿಂದೆ ಒಂದು ಪೆಟ್ಟಿದೆ. ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಎಳೆಗೂಸುಗಳ ವಾರ್ಡಿನ ನರ್ಸ್ ಆಗಿದ್ದವರು. ನಿವೃತ್ತಿಯ ಹೊತ್ತಿಗೆ ಕಿವಿ ಮಂದವಾಯಿತು, ಫೋನಿನಲ್ಲಿ ಒಂದು ಮಾತೂ ಕೇಳಿಸದಾಯಿತು. ಬಾಣಂತಿಯರು ಮೇಲ್ ಬರೆಯತೊಡಗಿದರು. ಒಬ್ಬಳು ಇನ್ನೊಬ್ಬಳಿಗೆ ವಿಳಾಸ ಕೊಟ್ಟಳು. ಈಗಲೂ ದಿನಕ್ಕೆ ಎಂಟ್ಹತ್ತು ಮೇಲ್ ಬರುತ್ತವೆ, ಹೆಚ್ಚಿನವು ಮುಖ ನೋಡದವರಿಂದ, ಹೆಚ್ಚಿನವುಗಳ ಜೊತೆ ಫೋಟೋ. ಯಾವುದು ಮನೆಯಲ್ಲೇ ಸರಿಹೋಗುತ್ತದೆ, ಯಾವುದಕ್ಕೆ ಈಗಿಂದೀಗಲೇ ಆಸ್ಪತ್ರೆಗೆ ಓಡಬೇಕು ಎಂದು ಅತ್ತೆ ಬರೆದು ಹೇಳುತ್ತಾರೆ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಫೋಟೋ ಎಂದು ತೆರೆದದ್ದು ಫೋಟೋ ಆಗಿರಲಿಲ್ಲ. ಮಧ್ಯಾಹ್ನದೊಳಗೆ ಕಂಪ್ಯೂಟರಿನಲ್ಲಿದ್ದ ಎಲ್ಲಕ್ಕೂ ಬೀಗ ಬಿತ್ತು, ಬಿಡಿಸಲು ಹಣ ಕೊಡಿ ಎಂಬ ಬೆದರಿಕೆ ಪರದೆಯ ಮೇಲೆ ಮೂಡಿತು. ಕೊಡಲಿಲ್ಲ. ಕೂಡಿಟ್ಟ ಅಷ್ಟೂ ಚಿತ್ರ, ಪತ್ರ ಮಣ್ಣುಪಾಲಾದವು. ಅದಕ್ಕಿಂತ ಹೆಚ್ಚು ಸುಟ್ಟದ್ದು ಇನ್ನೊಂದು. ಅದೇ ವಿಷದ ಮೇಲ್ ಅತ್ತೆಯ ಹೆಸರಿನಲ್ಲಿ ಬಾಣಂತಿಯರಿಗೆಲ್ಲ ಹೋಗಿತ್ತು.

“ನನ್ನ ಹೆಸರು ಹೇಳ್ಕೊಂಡು ಕಳ್ಳ ಆ ಮಕ್ಕಳ ಮನೆಗೆ ನುಗ್ಗಿದ” ಎಂದು ಅತ್ತೆ ಈಗಲೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಾಲ್ಕು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಮತ್ತೆ ಕೂತಾಗ ಒಂದು ಮಾತು ಹೇಳಿಯೇ ಕೂತರು. “ಇನ್ನೊಂದು ಸಲ ಹೀಗಾದ್ರೆ ಮುಗೀತು ಕಣಮ್ಮ. ಮತ್ತೆ ತೆಗೆಯಲ್ಲ.”

“ಊರಿಗೆಲ್ಲ ಕಂಪ್ಯೂಟರ್ ಸರಿ ಮಾಡ್ಕೊಂಡು ತಿರುಗ್ತೀನಿ, ನಮ್ಮನೇದು ಹೀಗಾಯ್ತಲ್ಲ ಅಂತ ಹೊಟ್ಟೆಯೆಲ್ಲ ಉರಿದುಹೋಯ್ತು. ಅವತ್ತೇ ಹಟ ಹಿಡಿದೆ” ಎನ್ನುತ್ತಾರೆ ಸೊಸೆ.

ಹಟ ಎಂದರೆ ಸಣ್ಣ ಹಟವಲ್ಲ. ಕಂಪ್ಯೂಟರನ್ನು ಬೋಳು ಮಾಡಿ ಹೊಸದಾಗಿ ಕಟ್ಟಿದರು. ಆಂಟಿವೈರಸ್ ಹಾಕಿದರು. ಬರುವ ಅಪ್‌ಡೇಟುಗಳನ್ನು ‘ನಾಳೆ’ ಎಂದು ಮುಂದೂಡದಂತೆ ತಾನಾಗಿಯೇ ಆಗುವ ಹಾಗೆ ಮಾಡಿದರು. ಎಲ್ಲದರ ಇನ್ನೊಂದು ಪ್ರತಿ ಇರುವ ಡಿಸ್ಕ್ ಬೀರುವಿನಲ್ಲಿ ಹೊದಿಕೆಗಳ ನಡುವೆ ಮಲಗಿರುತ್ತದೆ. ವಾರಕ್ಕೊಮ್ಮೆ ಸಿಕ್ಕಿಸಿ, ಪ್ರತಿ ಮಾಡಿ, ಕಿತ್ತು ಒಳಗಿಡುತ್ತಾರೆ. “ಅದನ್ನ ಕಂಪ್ಯೂಟರಿಗೇ ಅಂಟಿಸಿಟ್ರೆ ಕಳ್ಳ ಎರಡಕ್ಕೂ ಬೀಗ ಹಾಕ್ತಾನೆ.”

ಆದರೆ ಮೇಲ್ ತೆರೆಯುವ ಕೈ ಅತ್ತೆಯದು. ಗುರುತಿಲ್ಲದವರ ಮೇಲ್ ತೆರೆಯಲೇಬೇಡಿ ಎಂದು ಸೊಸೆ ಕಟ್ಟಪ್ಪಣೆ ಮಾಡಿದರು. ಒಂದು ವಾರ ಅತ್ತೆ ಕೇಳಿದರು. ಆ ವಾರ ತೆರೆಯದೆ ಬಿದ್ದಿದ್ದ ಮೇಲುಗಳಲ್ಲಿ ಒಂದು, ಕಾಮಾಲೆಯಿಂದ ಹಳದಿಯಾಗುತ್ತಿದ್ದ ಕೂಸಿನದು. ಕೂಸಿನ ತಾಯಿ ಕಾದು ಕಾದು ತಾನೇ ಆಸ್ಪತ್ರೆಗೆ ಹೋದಳು, ಮಗು ಉಳಿಯಿತು. ಅತ್ತೆ ಮಾತ್ರ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟರು. ಮೂರನೆಯ ದಿನ “ಬಾಗಿಲು ಹಾಕ್ಕೊಂಡು ಕೂರೋಕೆ ನಾನ್ಯಾಕೆ ಬೇಕು?” ಎಂದರು. ಕಳಿಸಿದವರಿಗೆ ಫೋನ್ ಮಾಡಿ ಕೇಳಿ ಎನ್ನೋಣವೆಂದರೆ ಕಿವಿ ಕೇಳದು. ಕಾಯಿಲೆ ಮಗುವಿನ ಹೆಸರಿನಲ್ಲಿ ಸೊಸೆ ಹಾಕಿದ ಗಾಳಕ್ಕಂತೂ ಅತ್ತೆ ಪ್ರತಿ ಸಲವೂ ಬಿದ್ದರು.

ಸೊಸೆ ಬೆನ್ನು ಬಿಡಲಿಲ್ಲ. ಹೋದ ವಾರ ಕೆಲಸಕ್ಕೆ ರಜೆ ಹಾಕಿ ಇಡೀ ದಿನ ಅತ್ತೆಯ ಪಕ್ಕ ಕೂತರು. ಆಗ ಕಣ್ಣಿಗೆ ಬಿದ್ದದ್ದು ಇಷ್ಟು: ತಾಯಿ ಏನೇ ಬರೆಯಲಿ, ಫೋಟೋ ನೋಡಿದ ಮೇಲೆ ಅತ್ತೆ ಕೇಳುವುದು ಒಂದೇ ಪ್ರಶ್ನೆ. ನಿನ್ನೆಯಿಂದ ಮಗು ಎಷ್ಟು ಸಲ ಬಟ್ಟೆ ಒದ್ದೆ ಮಾಡಿದೆ? ಹೊಟ್ಟೆಗೆ ಹಾಲು ಸಾಕಾಗುತ್ತಿದೆಯೋ ಇಲ್ಲವೋ ಎಂಬುದು ಅದರಿಂದಲೇ ತಿಳಿಯುತ್ತದೆ.

“ಅದನ್ನೇ ಮೊದಲು ಕೇಳಿ ಅತ್ತೆ, ಫೋಟೋ ಆಮೇಲೆ ತೆಗೀರಿ ಅಂದೆ. ಸಾವಿರ ಜನಕ್ಕೆ ಒಂದೇ ಮೇಲ್ ಎಸೆಯೋನು ಕೂತ್ಕೊಂಡು ಉತ್ತರ ಬರೀತಾನಾ? ತಾಯಿ ಆದ್ರೆ ಎರಡು ನಿಮಿಷದಲ್ಲಿ ಬರೀತಾಳೆ, ಫೋನ್ ಕೈಯಲ್ಲೇ ಇರುತ್ತೆ. ಉತ್ತರ ಬಂದ ಮೇಲೂ ಆ ಫೋಟೋ ಪಾಸ್‌ವರ್ಡ್ ಕೇಳಿದ್ರೆ, ಅನುಮತಿ ಕೊಡಿ ಅಂದ್ರೆ ಅದು ಫೋಟೋ ಅಲ್ಲ, ನನ್ನನ್ನ ಕರೀರಿ ಅಂತ ಹೇಳಿದೀನಿ.”

ಗಾಬರಿಯಲ್ಲಿರುವವಳನ್ನು ಎರಡು ನಿಮಿಷವಾದರೂ ಯಾಕೆ ಕಾಯಿಸಬೇಕೆಂದು ಅತ್ತೆ ಗೊಣಗಿದರು. ನೋಡೋಣ ಎಂದರು. ಒಪ್ಪಿದರೋ ಇಲ್ಲವೋ ಸೊಸೆಗೆ ಗೊತ್ತಿಲ್ಲ. ಆ ಮಾತಾದ ಮೇಲೆ ಅತ್ತೆಗೆ ಹಾಕಿದ ಮೊದಲ ಗಾಳ ಇವತ್ತಿನದು.

ಕಿಟಕಿಯಲ್ಲಿ ಬೆಳಕಾಗಿದೆ. ಸೊಸೆ ಇನ್ನೊಬ್ಬರ ಮನೆಗೆ ಹೊರಡಲು ಚೀಲಕ್ಕೆ ಸ್ಕ್ರೂಡ್ರೈವರ್ ತುಂಬುತ್ತಾರೆ, ಆದರೆ ಕಣ್ಣೆಲ್ಲ ಪರದೆಯ ಮೇಲೆ. ಗೋಡೆಯಾಚೆ ಕೀಬೋರ್ಡ್ ಸದ್ದು. ಆಮೇಲೆ ಇಲ್ಲಿ ಒಂದು ಮೇಲ್ ಬಂದು ಬೀಳುತ್ತದೆ.

‘ಗಾಬರಿ ಬೇಡ ತಾಯಿ. ಫೋಟೋ ನೋಡ್ತೀನಿ, ಅದಕ್ಕೆ ಮುಂಚೆ ಹೇಳು. ನಿನ್ನೆಯಿಂದ ಮಗು ಎಷ್ಟು ಸಲ ಬಟ್ಟೆ ಒದ್ದೆ ಮಾಡಿದೆ?’

ಸೊಸೆ ಅದನ್ನು ಎರಡು ಸಲ ಓದುತ್ತಾರೆ. ‘ಇಲ್ಲಿ ಮಗು ಇಲ್ಲ ಅತ್ತೆ. ನಾನೇ’ ಎಂದು ಬರೆದು ಕಳಿಸುತ್ತಾರೆ. ಕಿವಿ ಮಂದವಾದವರ ದೊಡ್ಡ ದನಿ ಗೋಡೆ ದಾಟಿ ಬರುತ್ತದೆ.

“ಗೊತ್ತಾಯ್ತು ಬಿಡೇ! ಇಲ್ಲಿ ನಿಜವಾದ ತಾಯಿ ಒಬ್ಬಳು ಕಾಯ್ತಾ ಇದಾಳೆ. ಮಧ್ಯ ಅಡ್ಡ ಬರಬೇಡ.”

ಸೊಸೆ ಲ್ಯಾಪ್‌ಟಾಪ್ ಮುಚ್ಚಿ, ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನನ್ನ ಕಡೆ ತಿರುಗುತ್ತಾರೆ.

“ಎಷ್ಟೋ ಸಲ ಬೈಸ್ಕೊಂಡಿದೀನಿ ಇವರ ಹತ್ರ. ಇಷ್ಟು ಸಂತೋಷವಾಗಿ ಯಾವತ್ತೂ ಬೈಸ್ಕೊಂಡಿರಲಿಲ್ಲ.”