ಕೊಕ್ಕರೆ ಮುದ್ರೆಯ ಕಾವಲುಗಾರ್ತಿ

ಸ್ಲಿವೆನ್ ಪಟ್ಟಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಾಫಿ, ಅರ್ಧ ತಿಂದ ಚೀಸಿನ ಬಾನಿತ್ಸಾ, ತೆರೆದ ಲ್ಯಾಪ್‌ಟಾಪ್. ಟ್ರೇಡ್‌ಮಾರ್ಕ್ ಕಚೇರಿ ಹೊಸದಾಗಿ ಪ್ರಕಟಿಸಿದ ಅರ್ಜಿಗಳ ಚಿತ್ರಗಳನ್ನು ಝಿವ್ಕಾ ತೊದೊರೋವಾ ಒಂದೊಂದಾಗಿ ನೋಡುತ್ತಿದ್ದಾರೆ. ಸಿಂಹ, ಗುಲಾಬಿ, ಮತ್ತೊಂದು ಸಿಂಹ. ರೆಕ್ಕೆಯಿರುವುದು ಬಂದರೆ ಮಾತ್ರ ಅವರ ಬೆರಳು ನಿಲ್ಲುತ್ತದೆ. "ಹದ್ದಾದ್ರೆ ಬಿಟ್ಬಿಡ್ತೀನಿ. ಕತ್ತು ಉದ್ದ ಇದ್ರೆ ಆಮೇಲೆ ಕಾಫಿ ರುಚಿಸಲ್ಲ" ಎನ್ನುತ್ತಾರೆ.

ಊರಿನ ಹಳೆಯ ಕಾರ್ಖಾನೆಯೊಂದು ದ್ರಾಕ್ಷಿ ಬಳ್ಳಿ ಸವರುವ ಕತ್ತರಿ ಮಾಡುತ್ತದೆ. ಹಿಡಿಯ ಮೇಲೆ ಹಾರುವ ಕೊಕ್ಕರೆಯ ಮುದ್ರೆ. ಅದನ್ನು ಯಾರೂ ಕದಿಯದಂತೆ ಕಾಯುವುದು ಝಿವ್ಕಾ ಅವರ ಕೆಲಸ. ಮೊದಲು ಅಲ್ಲೇ ಅಲಗು ಮಸೆಯುತ್ತಿದ್ದರು. ಲೋಹದ ಧೂಳು ಎದೆಯಲ್ಲಿ ಕೂತ ಮೇಲೆ ಕಚೇರಿಗೆ ಬಂದರು. ಬೆಳಿಗ್ಗೆ ಅರ್ಜಿಗಳು, ಆಮೇಲೆ ಆನ್‌ಲೈನ್ ಅಂಗಡಿಗಳು, ಶನಿವಾರ ಸಂತೆ. "ಕೂತು ಚಿತ್ರ ನೋಡೋಕೂ ಸಂಬಳ" ಎಂದು ಮಸೆಯುವ ವಿಭಾಗದ ಗೆಳತಿಯರು ಇವತ್ತಿಗೂ ಕಾಡಿಸುತ್ತಾರೆ.

ಕಳೆದ ವರ್ಷ, ಬಳ್ಳಿಗೆ ಮೊದಲ ಕತ್ತರಿ ಬೀಳುವ ಟ್ರಿಫೊನ್ ಹಬ್ಬಕ್ಕೆ ಸ್ವಲ್ಪ ಮುಂಚೆ, ದೋಬ್ರಿ ಎಂಬುವರು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಕಾರ್ಖಾನೆಗೆ ಬಂದರು. ಬಳ್ಳಿ ಸವರುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಅವರದೇ ಹೆಸರು. ಮುರಿದ ಕತ್ತರಿಯನ್ನು ಮೇಜಿನ ಮೇಲೆ ಒಗೆದು, "ನಿಮ್ಮ ಕೊಕ್ಕರೆ ನನ್ನ ಕಚ್ಚಿದೆ" ಎಂದರು.

ಝಿವ್ಕಾ ಎತ್ತಿ ನೋಡಿದರು. ಹಕ್ಕಿ ಎಡಕ್ಕೆ ಹಾರುವ ಬದಲು ಬಲಕ್ಕೆ ಹಾರುತ್ತಿತ್ತು. ನಮ್ಮದಲ್ಲ ಎಂದು ಹೇಳಿ ಕಳಿಸಿಬಿಡಿ ಎಂದರು ಮಾಲೀಕರು. ಝಿವ್ಕಾ ಕಳಿಸಲಿಲ್ಲ. ಅದೇ ಹಕ್ಕಿಯನ್ನು ಅವರು ಹಿಂದಿನ ವಾರ ಅರ್ಜಿಗಳಲ್ಲಿ ಕಂಡಿದ್ದರು. ಆಮದು ವ್ಯಾಪಾರಿಯೊಬ್ಬ ಅದನ್ನು ತನ್ನ ಹೆಸರಿಗೆ ನೋಂದಾಯಿಸಲು ಹೊರಟಿದ್ದ. ಮಂಜೂರಾದರೆ ಆ ಕತ್ತರಿ ಎಲ್ಲ ಅಂಗಡಿಗಳಲ್ಲೂ ರಾಜಾರೋಷವಾಗಿ ಕೂರುತ್ತಿತ್ತು.

ಕಾರ್ಖಾನೆ ಆಕ್ಷೇಪಣೆ ಸಲ್ಲಿಸಿತು. ಅನುಭವಸ್ಥರು ಎರಡು ಹಕ್ಕಿಗಳನ್ನು ಒಂದೇ ಎಂದುಕೊಳ್ಳುವುದು ಸಾಧ್ಯವೇ ಇಲ್ಲ ಎಂದು ವ್ಯಾಪಾರಿ ವಾದಿಸಿದ. ಹಾಗೆ ಅಂದುಕೊಂಡು ಮೋಸ ಹೋದ ಅನುಭವಸ್ಥರೇ ಈಗ ಲಿಖಿತ ಹೇಳಿಕೆ ಕೊಡಬೇಕಿತ್ತು. ದೋಬ್ರಿ ಒಪ್ಪಲಿಲ್ಲ.

"ಕತ್ತರಿ ಗುರುತು ಹಿಡಿಯೋಕೆ ಬರ್ದೋನು ಅಂತ ನಾನೇ ಬರ್ಕೊಡ್ಲಾ? ಆಮೇಲೆ ಯಾರಮ್ಮಾ ನನ್ನನ್ನ ತೋಟದೊಳಕ್ಕೆ ಬಿಟ್ಕೋತಾರೆ?"

ಝಿವ್ಕಾ ದೋಬ್ರಿಯ ಮನೆಗೇ ಹೋದರು. "ದೋಬ್ರಿಯಣ್ಣ, ನಿಮ್ಮಂಥೋರೇ ಮೋಸ ಹೋದ್ರೆ, ಈ ವರ್ಷ ಹೊಸದಾಗಿ ಕತ್ತರಿ ಹಿಡಿಯೋರ ಕೈ ಗತಿ ಏನು?" ಎಂದು ಕೇಳಿದರು. ದೋಬ್ರಿ ಇಬ್ಬರಿಗೂ ಹಣ್ಣಿನ ಸಾರಾಯಿ ರಾಕಿಯಾ ಬಗ್ಗಿಸಿದರು. ಮರುದಿನ ಝಿವ್ಕಾ ನೋಟರಿ ಕಚೇರಿ ತಲುಪುವ ಹೊತ್ತಿಗೆ ದೋಬ್ರಿ ಮದುವೆಯ ಸೂಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು.

ವ್ಯಾಪಾರಿಯ ಅರ್ಜಿ ತಿರಸ್ಕೃತವಾಯಿತು. ಬಲಕ್ಕೆ ಹಾರುವ ಹಕ್ಕಿ ಸಂತೆಯಿಂದ ಮಾಯವಾಯಿತು. ಊರವರು ದೋಬ್ರಿಯನ್ನು ಈಗ ಕೊಕ್ಕರೆ ಎಂದೇ ಕರೆಯುತ್ತಾರೆ. ಕೆಲಸಕ್ಕೂ ಮೊದಲಿನ ಹಾಗೇ ಕರೆಯುತ್ತಾರೆ.

ಇನ್ನೇನು ಆಸೆಯಿದೆ ಎಂದು ಝಿವ್ಕಾ ಅವರನ್ನು ಕೇಳುತ್ತೇನೆ. "ಜನ ಅಂಗಡೀಲಿ ನಮ್ಮ ಕತ್ತರಿ ತಗೊಳ್ವಾಗ ತಿರುಗಿಸಿ ನೋಡ್ಬಾರ್ದು. ಬೇರೆ ಏನೋ ಮಾತಾಡ್ತಾ ಚೀಲಕ್ಕೆ ಹಾಕ್ಕೋಬೇಕು. ನೋಡೋ ಕೆಲಸ ನಂದು."