ನಾನು ಉಜ್ಜಿ ತೆಗೆದ ಚಂದ್ರ

ನಮ್ಮ ಫ್ಲ್ಯಾಟಿನ ಟೆರೇಸಿನ ಕೀ ಅಸೋಸಿಯೇಶನ್ ಸೆಕ್ರೆಟರಿಯವರ ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಅದನ್ನು ಕೇಳಲು ಹೋದರೆ, ಅವರ ಹೆಂಡತಿಯ ಬಂಗಾರವನ್ನು ಒಂದು ಮದುವೆಗೆ ಹಾಕಿಕೊಂಡು ಹೋಗಿ ಬರುತ್ತೇನೆ ಎಂದು ಕೇಳಿದ ಹಾಗೆ ನೋಡುತ್ತಾರೆ. ಎರಡು ವರ್ಷದ ಹಿಂದೆ ಯಾರೋ ಮೇಲೆ ಒಣಮೀನು ಹರಡಿದ್ದರು. ಮೀನು ತಿನ್ನದ ಮನೆಯವರು ದೂರು ಕೊಟ್ಟರು, ಕಾಗೆಗಳು ನೀರಿನ ಟ್ಯಾಂಕಿನ ಮೇಲೆ ಸಭೆ ಸೇರಿದವು, ಟೆರೇಸಿಗೆ ಬೀಗ ಬಿತ್ತು. ಒಣಮೀನು ಹಾಕಿದವಳು ನಾನಲ್ಲ. ನಾನೇ ಎಂದು ಸೆಕ್ರೆಟರಿಯವರು ಇವತ್ತಿಗೂ ನಂಬಿದ್ದಾರೆ. ನಂಬಲಿ.

ಕಳೆದ ಫೆಬ್ರವರಿಯಲ್ಲಿ ಆ ಕೀಗಾಗಿ ನಾನು ಅವರ ಜತೆ ಸುಮಾರು ಇಪ್ಪತ್ತು ದಿನ ಜಗಳವಾಡಿದೆ. ನನ್ನ ಮಗಳಿಗೆ ಆರನೇ ಕ್ಲಾಸಿನಲ್ಲಿ ಸೌರಮಂಡಲದ ಪಾಠ ನಡೆಯುತ್ತಿತ್ತು. ಪಾಠದ ಜತೆಗೊಂದು ಪ್ರಾಜೆಕ್ಟ್: ಮೂನ್ ಡೈರಿ. ಅಮಾವಾಸ್ಯೆ ಕಳೆದು ಚಂದ್ರ ಮೊದಲು ಕಂಡ ಸಂಜೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ದಿನಕ್ಕೊಂದು ಚೌಕ. ಚೌಕದಲ್ಲಿ ಚಂದ್ರ ಕಂಡ ಹಾಗೆ ಚಿತ್ರ, ಕೆಳಗೆ ನೋಡಿದ ಗಂಟೆ ಮತ್ತು ದಿಕ್ಕು.

ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಎರಡನೇ ದಿನಕ್ಕೇ ಒಬ್ಬಳು ಇಡೀ ತಿಂಗಳ ಚಂದ್ರನನ್ನು ಪಿಡಿಎಫ್ ಮಾಡಿ ಹಾಕಿದಳು. ‘ಪ್ರಿಂಟ್ ತೆಗೆದು ಮೇಲೆ ಪೆನ್ಸಿಲ್ ಓಡಿಸಿದ್ರೆ ಆಯ್ತು ಮಾರಾಯ್ತಿ, ಟೆನ್ಶನ್ ಬೇಡ’ ಎಂದು ಕೆಳಗೆ ಬರೆದಿದ್ದಳು. ಒಂದರ ಹಿಂದೊಂದು ಹೆಬ್ಬೆರಳು ಎದ್ದವು. ನಾನು ಹೆಬ್ಬೆರಳು ಎತ್ತಲಿಲ್ಲ. ಮಗಳು ಆ ಪಿಡಿಎಫ್ ನೋಡಿ, "ನಾನು ನೋಡಿಯೇ ಬರೆಯುದು" ಎಂದಳು. ಗಂಡ ಕುವೈತಿನಿಂದ ಫೋನ್ ಮಾಡಿದಾಗ ಈ ಮಾತನ್ನು ಎರಡು ಸಲ ಹೇಳಿದೆ. ಆ ಗ್ರೂಪಿನ ಹೆಂಗಸರಿಗಿಂತ ನಾವು ಒಂದು ಮೆಟ್ಟಿಲು ಮೇಲೆ ಎಂಬ ಭಾವನೆ ನನಗೆ ಬಹಳ ಹಿತವಾಗಿತ್ತು, ಸುಳ್ಳು ಏಕೆ ಹೇಳಲಿ.

ನಮ್ಮ ಅತ್ತಾವರದಲ್ಲಿ ಈಗ ಆಕಾಶ ಎಂಬುದು ಎರಡು ಕಟ್ಟಡಗಳ ನಡುವೆ ಉಳಿದ ಜಾಗ. ನಮ್ಮ ಬಾಲ್ಕನಿಗೆ ಅದೂ ಇಲ್ಲ. ಹಾಗಾಗಿ ಕೀ ಕೇಳಲು ಹೋದೆ.

"ಚಂದ್ರನನ್ನು ನೋಡ್ಲಿಕ್ಕೆ ಟೆರೇಸೇ ಬೇಕಾ ಮೇಡಂ? ಬಾಲ್ಕನಿಯಿಂದ ನೋಡಿದ್ರೆ ಆಗುದಿಲ್ವಾ?"

"ನಮ್ಮ ಬಾಲ್ಕನಿಯಿಂದ ಎದುರಿನವರ ಬಾತ್‌ರೂಮಿನ ಪೈಪು ಕಾಣ್ತದೆ. ಪೈಪಿನ ಡೈರಿ ಬರೀಲಿಕ್ಕೆ ಹೇಳಿದ್ರೆ ಅಲ್ಲಿಂದಲೇ ಬರೆಸ್ತಿದ್ದೆ."

ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಜಗಳಕ್ಕೆ ಮಾತ್ರ ನಾವಿಬ್ಬರೂ ಕನ್ನಡಕ್ಕೆ ಬರುತ್ತೇವೆ. ಕೊನೆಗೆ ಕೀ ಸಿಕ್ಕಿತು, ಷರತ್ತಿನೊಂದಿಗೆ: ಅರ್ಧ ಗಂಟೆ ಮಾತ್ರ, ಮಗು ಒಬ್ಬಳೇ ಹೋಗುವಂತಿಲ್ಲ, ಕೀ ಅವರ ಕೈಗೇ ವಾಪಸ್ ಬರಬೇಕು. ಅಷ್ಟಾದರೂ ನಂಬಿಕೆ ಸಾಲದೆ, ಅವರೇ ಟೆರೇಸಿನ ಬಾಗಿಲವರೆಗೆ ಹತ್ತಿ ಬಂದರು.

ಮಗಳು ಪಶ್ಚಿಮದ ಪ್ಯಾರಪೆಟ್ ಗೋಡೆಗೆ ಡೈರಿ ಒರಗಿಸಿ ನಿಂತಳು. ಆ ಕಡೆ ತೆಂಗಿನ ಮರಗಳು, ಅವುಗಳಾಚೆ ಬೆಂಗ್ರೆಯ ಮರಳುಪಟ್ಟಿ, ಅದರಾಚೆ ಸಮುದ್ರ. ನಾನು ಬಾಗಿಲಲ್ಲಿ ನಿಂತು ಸೆಕ್ರೆಟರಿಯವರನ್ನು ಕಾಯುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು. "ಅಮ್ಮ, ಕಂಡಿತು!" ಎಂದು ಅವಳು ಕೂಗಿದಾಗ, ಟ್ಯಾಂಕಿನ ಪಕ್ಕ ಬಿದ್ದಿದ್ದ ಒಂದು ಹಳೇ ಚಾಪೆ ಯಾರದು ಎಂಬ ವಿಚಾರಣೆ ನಡೆಯುತ್ತಿತ್ತು. "ಬರಿ, ಬೇಗ ಬರಿ" ಎಂದೆ.

ಮರುದಿನ ಚಂದ್ರನ ಹತ್ತಿರ ಒಂದು ಬೆಳಕು ಹೊಳೆಯುತ್ತಿತ್ತಂತೆ. ಸೆಕ್ರೆಟರಿಯವರು ಬಾಗಿಲಿಂದಲೇ ನೋಡಿ, ಬಜಪೆಗೆ ಇಳಿಯುವ ವಿಮಾನ ಎಂದು ತೀರ್ಪು ಕೊಟ್ಟರು.

"ವಿಮಾನ ಅಲ್ಲ ಅಂಕಲ್, ಶುಕ್ರ. ನಾನು ಬಂದಾಗಿಂದ ಅಲ್ಲೇ ಉಂಟು. ಮಿನುಗುದೂ ಇಲ್ಲ. ನಕ್ಷತ್ರ ಮಿನುಗ್ತದೆ, ಗ್ರಹ ಮಿನುಗುದಿಲ್ಲ."

ಅವರ ಮುಖ ಸಣ್ಣದಾಯಿತು. ಅವರ ಮುಖ ಸಣ್ಣದಾದದ್ದನ್ನು ನಾನು ಕಣ್ತುಂಬ ನೋಡಿದೆ.

ಹುಣ್ಣಿಮೆಯವರೆಗೆ ಹೇಗೋ ನಡೆಯಿತು. ಆಮೇಲೆ ನಿಜವಾದ ಯುದ್ಧ. ಹುಣ್ಣಿಮೆಯ ದಿನ ಆರೂ ಮುಕ್ಕಾಲಿಗೆ ಹೋಗಿ ಕೀ ಕೇಳಿದೆವು. ಮರುದಿನ ಏಳೂವರೆಗೆ. ಅದರ ಮರುದಿನ ಎಂಟೂ ಕಾಲಿಗೆ. ಸೆಕ್ರೆಟರಿಯವರು ಊಟದ ತಟ್ಟೆಯಿಂದ ಎದ್ದು ಬಂದಿದ್ದರು, ಎಡಗೈಯಲ್ಲಿ ಲುಂಗಿ ಹಿಡಿದುಕೊಂಡು.

"ಎಂತ ಮಾರಾಯ್ರೆ ಇದು? ದಿನಕ್ಕೊಂದು ಟೈಮು! ಚಂದ್ರ ನಿಮ್ಮನ್ನು ಕೇಳಿ ಬರ್ತಾನಾ?"

ಮಗಳು ಮುಂದೆ ಬಂದಳು. "ಅಂಕಲ್, ಚಂದ್ರ ನಿಂತ ಜಾಗದಲ್ಲೇ ನಿಲ್ಲುದಿಲ್ಲ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಸ್ವಲ್ಪ ಮುಂದೆ ಹೋಗಿರ್ತದೆ. ಅದು ನಮಗೆ ಕಾಣ್ಬೇಕಾದ್ರೆ ಭೂಮಿ ಇನ್ನೂ ಮುಕ್ಕಾಲು ಗಂಟೆ ತಿರುಗ್ಬೇಕು. ನಾಳೆ ಒಂಬತ್ತಾಗ್ತದೆ."

"ನಾಳೆ ಕೀ ಇಲ್ಲ" ಎಂದರು ಅವರು. ಎಂಟೂವರೆಯ ನಂತರ ಟೆರೇಸ್ ನಿಷಿದ್ಧ ಎಂಬ ನೋಟೀಸು ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಅಂಟಿತ್ತು. ನಾನು ಅದನ್ನು ಹರಿದೆ. ಮತ್ತೊಂದು ಅಂಟಿತು. ಅಸೋಸಿಯೇಶನ್ ಗ್ರೂಪಿನಲ್ಲಿ ನಾನು ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮನೆಯವರು ಆಮೇಲೆ ನನ್ನ ಜತೆ ಲಿಫ್ಟಿಗೆ ಹತ್ತುತ್ತಿರಲಿಲ್ಲ. ಅದರಿಂದ ನನಗೇನೂ ನಷ್ಟವಾಗಲಿಲ್ಲ, ಲಿಫ್ಟು ಸಣ್ಣದು.

ಇಷ್ಟೆಲ್ಲ ಆಗುತ್ತಿರುವಾಗ ಮಗಳು ತನ್ನಷ್ಟಕ್ಕೆ ದಾರಿ ಕಂಡುಕೊಂಡಿದ್ದಳು. ತಡವಾಗಿ ಹುಟ್ಟುವ ಚಂದ್ರ ಬೆಳಿಗ್ಗೆಯೂ ಆಕಾಶದಲ್ಲಿ ಉಳಿದಿರುತ್ತದೆ. ಏಳು ಗಂಟೆಗೆ ಶಾಲೆಯ ವ್ಯಾನಿಗೆ ಕಾಯುತ್ತ, ರಸ್ತೆಯ ಬದಿಯಲ್ಲಿ ನಿಂತು, ಬಿಸಿಲಲ್ಲಿ ಬೆಳ್ಳಗೆ ಕಾಣುವ ಚಂದ್ರನನ್ನು ಬರೆಯತೊಡಗಿದಳು. ನಾನು ಪಕ್ಕದಲ್ಲಿ ಅವಳ ಟಿಫಿನ್ ಚೀಲ ಹಿಡಿದು, ಗ್ರೂಪಿಗೆ ಮುಂದಿನ ಉತ್ತರ ಟೈಪ್ ಮಾಡುತ್ತಿದ್ದೆ. ಅಮಾವಾಸ್ಯೆ ಹತ್ತಿರ ಬಂದಂತೆ ಅವಳೇ ಆರು ಗಂಟೆಗೆ ಎದ್ದು ಪೂರ್ವದ ರಸ್ತೆಯ ತುದಿಗೆ ಓಡಿ ಬರುತ್ತಿದ್ದಳು.

ಡೈರಿ ಕೊಡಬೇಕಾದ ಹಿಂದಿನ ಸಂಜೆ ಅವಳು ಸ್ನಾನಕ್ಕೆ ಹೋದಾಗ ನಾನು ಅದನ್ನು ಮೊದಲ ಸಲ ಪೂರ್ತಿ ನೋಡಿದೆ. ಮೊದಲ ಪುಟದಲ್ಲೇ ತಪ್ಪು ಕಂಡಿತು. ಮೊದಲ ಐದು ದಿನದ ಎಳೆ ಚಂದ್ರನನ್ನೆಲ್ಲ ಅವಳು ಅಂಗಾತ ಮಲಗಿಸಿದ್ದಳು. ದೋಣಿಯ ಹಾಗೆ, ಎರಡು ತುದಿ ಮೇಲೆ, ಹೊಟ್ಟೆ ಕೆಳಗೆ. ಪಠ್ಯಪುಸ್ತಕ ತೆಗೆದೆ. ಅಲ್ಲಿ ಚಂದ್ರ ನೆಟ್ಟಗೆ ನಿಂತಿತ್ತು, ಬೆಳಕಿನ ಬೆನ್ನು ಬಲಕ್ಕೆ. ಗೂಗಲ್ ನೋಡಿದೆ, ಅಲ್ಲಿಯೂ ನಿಂತಿತ್ತು. ಗ್ರೂಪಿನ ಪಿಡಿಎಫ್‌ನಲ್ಲೂ ನಿಂತಿತ್ತು. ಇಷ್ಟು ಜನರ ಹತ್ತಿರ ಹೊಡೆದಾಡಿ ಕೀ ತಂದುಕೊಟ್ಟರೆ, ಈ ಹುಡುಗಿ ಪುಸ್ತಕವನ್ನು ಅಡ್ಡ ಹಿಡಿದು ಬರೆದಿದ್ದಾಳೆ ಎಂದು ಸಿಟ್ಟು ಬಂತು. ಪ್ರಿಂಟ್ ತೆಗೆದವರ ಮಕ್ಕಳಿಗೆ ಪೂರ್ತಿ ಮಾರ್ಕ್ಸ್, ನನ್ನ ಮಗಳಿಗೆ ಕೆಂಪು ಗೀಟು. ಅದನ್ನು ಆ ಹೆಂಗಸರು ನೋಡಬೇಕೇ?

ರಬ್ಬರ್ ತೆಗೆದುಕೊಂಡೆ. ಐದು ಚಂದ್ರ ಉಜ್ಜಿದೆ. ಪಠ್ಯಪುಸ್ತಕ ಪಕ್ಕದಲ್ಲಿಟ್ಟು, ಅವಳ ಪೆನ್ಸಿಲಿನಿಂದಲೇ, ಅವಳ ಕೈಯ ಹಾಗೆ ಸ್ವಲ್ಪ ಒತ್ತಿ, ಐದನ್ನೂ ನೆಟ್ಟಗೆ ನಿಲ್ಲಿಸಿದೆ. ಅವಳು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಡೈರಿ ಚೀಲದಲ್ಲಿತ್ತು.

ಎರಡು ದಿನದ ನಂತರ ಅವಳು ಶಾಲೆಯಿಂದ ಬಂದವಳು ಚಪ್ಪಲಿ ಬಿಚ್ಚದೆ ಡೈರಿಯನ್ನು ಊಟದ ಮೇಜಿನ ಮೇಲೆ ಎಸೆದಳು. ಹೊರಗಿನ ರಟ್ಟಿನ ಮೇಲೆ ಬಂಗಾರದ ಬಣ್ಣದ ಸ್ಟಾರ್. ಇಪ್ಪತ್ತಕ್ಕೆ ಇಪ್ಪತ್ತು.

"ಟೀಚರ್ ಎಲ್ಲರಿಗೂ ತೋರಿಸಿದ್ರು. ನೋಡಿ, ಇವಳದ್ದು ಪುಸ್ತಕದಲ್ಲಿ ಇದ್ದ ಹಾಗೆಯೇ ಉಂಟು ಅಂತ. ಯಾರು ಉಜ್ಜಿದ್ದು?"

"ಮಗಾ, ನೀನು ತಪ್ಪು ಬರೆದಿದ್ದಿ. ಐದು ಚಿತ್ರ ಮಾತ್ರ ಸರಿ ಮಾಡಿದ್ದು. ಪುಸ್ತಕ ನೋಡಿಯೇ ಮಾಡಿದ್ದು."

"ನೀನು ದಿನಾ ಟೆರೇಸಿಗೆ ಬಂದಿದ್ದಿ ಅಲ್ವಾ? ಒಂದು ದಿವಸ ಚಂದ್ರನನ್ನು ನೋಡಿದ್ಯಾ?"

ನಾನು ನಿನಗೋಸ್ಕರ ಎಷ್ಟು ಜಗಳವಾಡಿದೆ ಗೊತ್ತುಂಟಾ ಎಂದು ಶುರು ಮಾಡಿದೆ. ಕೀ, ನೋಟೀಸು, ಲಿಫ್ಟು, ಎಲ್ಲ ಹೇಳಿದೆ. ಅವಳು ನಾನು ಮುಗಿಸುವವರೆಗೆ ಕಾದು, "ನೋಡಿದ್ಯಾ?" ಎಂದು ಮತ್ತೆ ಕೇಳಿದಳು. ನಾನು ನೋಡಿರಲಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಒಮ್ಮೆ ಟ್ರೈನಿ ಹುಡುಗಿಯೊಬ್ಬಳು ಸ್ಲೈಡ್ ನೋಡದೆ, ಹಿಂದಿನ ದಿನದ ರಿಪೋರ್ಟಿನಲ್ಲಿದ್ದುದನ್ನೇ ಬರೆದಿಟ್ಟಿದ್ದಳು. ಅವಳನ್ನು ಎಲ್ಲರೆದುರು ಬೈದು ಅಳಿಸಿದ್ದೆ. ಅವಳು ಕೆಲಸವನ್ನೇ ಬಿಟ್ಟಳು. ಆ ಸಂಜೆ ಅವಳ ನೆನಪು ಬಂದು ಬಹಳ ಕೆಟ್ಟದೆನಿಸಿತು. ಅದಕ್ಕೂ ಮಗಳ ಮೇಲೆಯೇ ಸಿಟ್ಟು ಬಂತು.

ಮರುದಿನ ಆರೂ ಮುಕ್ಕಾಲಿಗೆ ಒಬ್ಬಳೇ ಹೋಗಿ ಸೆಕ್ರೆಟರಿಯವರ ಬೆಲ್ ಒತ್ತಿದೆ.

"ಪ್ರಾಜೆಕ್ಟ್ ಮುಗೀತಲ್ಲ?"

"ಮುಗೀಲಿಲ್ಲ."

"ಏಳೂವರೆ ಒಳಗೆ ಕೀ ಬೇಕು" ಎಂದು ನನ್ನ ಅಂಗೈಗೆ ಬೀಳಿಸಿದರು, ಬೆರಳು ತಾಗದ ಹಾಗೆ.

ಸೂರ್ಯ ಆಗಷ್ಟೇ ಬೆಂಗ್ರೆಯಾಚೆ ಇಳಿದಿತ್ತು. ಆಕಾಶ ಇನ್ನೂ ಕೇಸರಿ. ಮೊದಲು ಏನೂ ಕಾಣಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ, ಸೂರ್ಯ ಮುಳುಗಿದ ಜಾಗದ ನೇರ ಮೇಲೆ, ಅಮಾವಾಸ್ಯೆ ಕಳೆದು ಮತ್ತೆ ಹುಟ್ಟಿದ ಎಳೆ ಚಂದ್ರ ಇತ್ತು. ಅಂಗಾತ ಮಲಗಿತ್ತು. ಎರಡು ತುದಿ ಮೇಲೆ, ಹೊಟ್ಟೆ ಕೆಳಗೆ. ನೋಡುತ್ತ ನಿಂತಾಗ ಕಾರಣವೂ ತಾನಾಗಿ ಹೊಳೆಯಿತು. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯ ಯಾವ ಕಡೆ ಇದೆಯೋ ಆ ಕಡೆಯ ಮೈ ಮಾತ್ರ ಹೊಳೆಯುತ್ತದೆ. ನಮ್ಮಲ್ಲಿ ಈ ತಿಂಗಳುಗಳಲ್ಲಿ ಸೂರ್ಯ ಅದರ ಅಡಿಗೇ ಇಳಿಯುತ್ತದೆ, ಹಾಗಾಗಿ ಹೊಳೆಯುವುದು ಅಡಿಯೇ. ಪುಸ್ತಕದ ಚಿತ್ರ ಬರೆದವರು ಎಲ್ಲೋ ಉತ್ತರದ ದೇಶದಲ್ಲಿ ನಿಂತು ನೋಡಿದ್ದಾರೆ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತದೆ, ಚಂದ್ರ ಎದ್ದು ನಿಲ್ಲುತ್ತದೆ. ಅವರದು ಅವರಿಗೆ ಸರಿ. ಅತ್ತಾವರದ ಟೆರೇಸಿನಿಂದ ನೋಡಿದವಳದು ಅವಳಿಗೆ ಸರಿ. ನಾನು ಎಲ್ಲಿಂದಲೂ ನೋಡದೆ ತಿದ್ದಿದ್ದೆ.

ಕೆಳಗೆ ಬಂದು ಅವಳಿಗೆ ಹೇಳಿದೆ. "ನನಗೆ ಗೊತ್ತು" ಎಂದಳು, ಹೋಂವರ್ಕಿನಿಂದ ತಲೆ ಎತ್ತದೆ. "ಟೀಚರಿಗೆ ಹೇಳು."

ಶನಿವಾರ ಡೈರಿ ಹಿಡಿದು ಶಾಲೆಗೆ ಹೋದೆ. ಟೀಚರ್ ನನಗಿಂತ ಹತ್ತು ವರ್ಷ ಚಿಕ್ಕವರು, ಮೇಜಿನ ಮೇಲೆ ಪೇಪರುಗಳ ರಾಶಿ.

"ಐದು ಚಿತ್ರ ಅವಳದ್ದಲ್ಲ, ನನ್ನದು. ಅವಳು ಬರೆದದ್ದು ಸರಿ ಇತ್ತು. ನಾನು ಉಜ್ಜಿ ತಪ್ಪು ಮಾಡಿದ್ದು. ಮಾರ್ಕ್ಸ್ ಕಡಿಮೆ ಮಾಡಿ."

ಅವರಿಗೆ ಅರ್ಥವಾಗಲಿಲ್ಲ. ಮಾರ್ಕ್ಸ್ ಹೆಚ್ಚು ಮಾಡಿ ಎಂದು ಕೇಳಲು ಬರುವವರಿಗೆ ಕೊಡುವ ಉತ್ತರ ಮಾತ್ರ ಅವರಲ್ಲಿತ್ತು. "ನೋಡಿ ಮೇಡಂ, ಈಗ ಇದ್ದದ್ದು ಪುಸ್ತಕದ ಹಾಗೆಯೇ ಉಂಟಲ್ಲ? ಮಲಗಿದ ಚಂದ್ರ ಬರೆದಿದ್ರೆ ನಾನೇ ಕಟ್ ಮಾಡ್ತಿದ್ದೆ."

"ಹಾಗಾದ್ರೆ ಕಟ್ ಮಾಡಿ. ಅವಳು ಅದನ್ನೇ ಬರೆದದ್ದು. ಸಂಜೆ ಏಳು ಗಂಟೆಗೆ ಹೊರಗೆ ಬಂದು ತಲೆ ಎತ್ತಿ ನೋಡಿ, ಆಮೇಲೆ ಬೇಕಾದ್ರೆ ಹೆಚ್ಚು ಮಾಡಿ."

ಸ್ವರ ಏರಿತು. ಪಕ್ಕದ ಮೇಜಿನ ಮೇಷ್ಟ್ರು ಎದ್ದು ಹೋದರು. ಕೊನೆಗೆ ಟೀಚರ್ ಕೆಂಪು ಪೆನ್ನು ತೆಗೆದು, ನನ್ನ ಐದು ಚಿತ್ರಗಳ ಮೇಲೆ ಗೀಟು ಎಳೆದು, ‘ತಾಯಿಯ ಕೈವಾಡ’ ಎಂದು ಬರೆದು, ಇಪ್ಪತ್ತನ್ನು ಹದಿನೈದು ಮಾಡಿ ಡೈರಿಯನ್ನು ನನ್ನ ಕಡೆ ತಳ್ಳಿದರು. ಅವರ ದೃಷ್ಟಿಯಲ್ಲಿ ನನಗೆ ತಲೆ ಕೆಟ್ಟಿತ್ತು. ನಾನು ಗೆದ್ದವಳ ಹಾಗೆ ಮೆಟ್ಟಿಲಿಳಿದೆ. ಆಟೋದಲ್ಲಿ ಕುಳಿತು ಆ ಹದಿನೈದನ್ನು ಮತ್ತೆ ಮತ್ತೆ ನೋಡಿದೆ.

ಮನೆಗೆ ಬಂದು ಡೈರಿಯನ್ನು ಮಗಳ ಮುಂದಿಟ್ಟೆ. ಅವಳು ಮೊದಲ ಪುಟದ ಕೆಂಪು ಗೀಟುಗಳನ್ನು ಒಂದೊಂದಾಗಿ ನೋಡಿದಳು. ನಾನು ಕಾಯುತ್ತಿದ್ದೆ. ಈಗ ಒಂದು ಮಾತು ಹೇಳುತ್ತಾಳೆ ಎಂದು. ಅವಳು ಪುಟ ತಿರುವಿದಳು, ಮತ್ತೆ ತಿರುವಿದಳು, ಒಂದು ಚೌಕದ ಮೇಲೆ ಬೆರಳಿಟ್ಟಳು.

"ಐದಲ್ಲ, ಆರು. ಇಪ್ಪತ್ತೆರಡನೇ ದಿನ ಮಂಜು ಇತ್ತು. ನಾನು ‘ಕಾಣಲಿಲ್ಲ’ ಅಂತ ಬರೆದಿದ್ದೆ. ಅಲ್ಲಿ ನೀನು ಚಂದ್ರ ಬರೆದಿದ್ದಿ."

ಬರೆದಿದ್ದೆ. ಚಿತ್ರವಿಲ್ಲದ ಚೌಕ ಚಂದ ಕಾಣಲಿಲ್ಲ ಎಂದು, ಅವಳು ಬರೆದದ್ದನ್ನು ಉಜ್ಜಿ, ಒಂದು ಅರ್ಧ ಚಂದ್ರನನ್ನು ಬರೆದು, ಕೆಳಗೆ ಗಂಟೆಯನ್ನೂ ಹಾಕಿದ್ದೆ. ಟೀಚರೆದುರು ಐದು ಎಂದಾಗ ಅದು ಮರೆತುಹೋಗಿತ್ತು ಎಂದು ಅವಳಿಗೆ ಹೇಳಬಹುದಿತ್ತು. ಮರೆತಿರಲಿಲ್ಲ.